ಹಳದಿ ಗುಳಿಗೆ, ಬಿಳಿ ಗುಳಿಗೆ

ನನ್ನ ಕಾಯಿಲೆಯನ್ನು ಮೊದಲು ಹಿಡಿದದ್ದು ಡಾಕ್ಟರಲ್ಲ, ನನ್ನದೇ ಅಂಗಿಯ ಕಾಲರು. ನಾನು ಟೈಲರ್. ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಎದುರು ಒಂದು ಮಿಷನ್ನು, ಒಂದು ಮೇಜು, ಗೋಡೆಗೊಂದು ಕನ್ನಡಿ, ಇಷ್ಟೇ ನನ್ನ ಅಂಗಡಿ. ದಾರಿಯಲ್ಲಿ ಹೋಗುವವರ ಕುತ್ತಿಗೆ ಎಷ್ಟಿಂಚು ಅಂತ ಟೇಪು ಹಿಡಿಯದೆ ಹೇಳುತ್ತಿದ್ದೆ. ಅಂಥವನಿಗೆ ತನ್ನ ಕುತ್ತಿಗೆಯ ಸುದ್ದಿ ಗೊತ್ತಾಗಲಿಲ್ಲ ನೋಡಿ.

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ನಮ್ಮ ಜಿಲ್ಲೆಗೆ ದೊಡ್ಡ ಉಪಚುನಾವಣೆ ಬಂದಿತ್ತು. ಎಲ್ಲ ಪಕ್ಷದವರ ಬಾವುಟವನ್ನೂ ನಾನೇ ಹೊಲಿದೆ. ಹೊಲಿದು ಹೊಲಿದು ಸುಸ್ತಾಗಿದೆ ಅಂದುಕೊಂಡೆ. ಬೆನ್ನೆಲ್ಲ ಬೆವರು, ಮಿಷನ್ ತುಳಿದರೆ ಏದುಸಿರು. ಒಂದು ಶುಕ್ರವಾರ ನಮಾಜಿಗೆ ಹೊರಡುವಾಗ ಕಾಲರಿನ ಗುಂಡಿ ಹಾಕಲು ಬರಲಿಲ್ಲ. ಬಟ್ಟೆ ಅಂಗಡಿಯವನ ಹತ್ತಿರ ಹೋಗಿ, ಎಂಥ ಸುಡುಗಾಡು ಬಟ್ಟೆ ಕೊಟ್ಟೆ, ಒಂದೇ ಒಗೆತಕ್ಕೆ ಕುಗ್ಗಿಹೋಯ್ತು ಅಂತ ಜಗಳ ಕಾದು ಬಂದೆ. ಗುಂಡಿಯನ್ನು ಅರ್ಧ ಇಂಚು ಆಚೆ ಇಟ್ಟು ಹೊಲಿದೆ. ತಿಂಗಳು ಕಳೆಯಿತು, ಮತ್ತೆ ಹಾಕಲು ಬರಲಿಲ್ಲ. ಮೂರನೇ ಸಲ ಕನ್ನಡಿ ಮುಂದೆ ನಿಂತು ಟೇಪು ಸುತ್ತಿದೆ. ಹದಿನೈದು ಇದ್ದ ಕುತ್ತಿಗೆ ಹದಿನಾರೂವರೆ ಆಗಿತ್ತು.

ನನ್ನ ಹೆಂಡತಿ ಜುಲೇಖಾ ದವಡೆಯ ಕೆಳಗೆ ಬೆರಳಿಟ್ಟು ನೋಡಿದಳು. ಅಲ್ಲಿ ಗಂಟುಗಳಿದ್ದವು. ಒತ್ತಿದರೆ ನೋವಿಲ್ಲ, ಸುಮ್ಮನೆ ಜಾರುತ್ತವೆ. ಅವಳು ಅರಿಶಿನ ಹಚ್ಚಿದಳು. ನಾನು ಕೈ ತಳ್ಳಿ, ಹೋಗೇ, ಇದಕ್ಕೆಲ್ಲ ಏನೂ ಆಗಲ್ಲ ಅಂದೆ. ಹೇಳಿದ್ದು ಅವಳಿಗೆ, ಧೈರ್ಯ ಬೇಕಾಗಿದ್ದದ್ದು ನನಗೆ.

ಕೊಪ್ಪದ ಡಾಕ್ಟರು ರಕ್ತ ತೆಗೆಸಿ ನೋಡಿದರು. ನಾಲ್ಕು ಸಾಲು ಬರೆದು ಲಕೋಟೆಗೆ ಅಂಟು ಹಾಕಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಅಂದರು. ಯಾವಾಗಲೂ ಹರಟುವ ಮನುಷ್ಯ ಆ ದಿನ ಮೇಜಿನ ಮೇಲಿದ್ದ ಸ್ಟೆತಾಸ್ಕೋಪನ್ನು ನೋಡುತ್ತಾ ಮಾತಾಡಿದರು. 

ಆಗುಂಬೆಯಲ್ಲಿ ಇಳಿದು, ಸಣ್ಣ ಬಸ್ಸು ಹತ್ತಿ, ಘಾಟಿಯ ತಿರುವುಗಳನ್ನೆಲ್ಲ ಇಳಿದು ನಾನು, ಜುಲೇಖಾ ಆ ಆಸ್ಪತ್ರೆಗೆ ಹೋದೆವು. ಹೊಟ್ಟೆ ಒತ್ತಿ ನೋಡಿದರು, ಎದೆಯ ಮೂಳೆಗೆ ಸೂಜಿ ಚುಚ್ಚಿದರು. ನಾಲ್ಕನೇ ದಿನ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಜುಲೇಖಾಳನ್ನು ಮಾತ್ರ ಒಳಗೆ ಕರೆದರು. ಆ ಕಾಲದಲ್ಲಿ ಹಾಗೇ, ಕಾಯಿಲೆ ಯಾರಿಗೋ ಅವರಿಗೆ ಹೇಳುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ತಳ್ಳಿ ಒಳಗೆ ನುಗ್ಗಿ, ಇದು ನನ್ನ ರಕ್ತ ಸ್ವಾಮಿ, ನನ್ನ ಹತ್ತಿರ ಹೇಳಿ ಅಂದೆ. ಅವರು ಹೇಳಿದರು. ರಕ್ತದ ಕ್ಯಾನ್ಸರು. ಆದರೆ ನಿಧಾನದ ಜಾತಿಯದು, ಓಡುವುದಿಲ್ಲ, ನಡೆಯುತ್ತದೆ ಅಂದರು. ಯಾಕೆ ನುಗ್ಗಿದೆನೋ ಅನ್ನಿಸಿತು. ಹೊರಗೇ ಕೂತಿದ್ದರೆ ಇನ್ನೊಂದು ಗಳಿಗೆ ಆರಾಮಾಗಿ ಇರುತ್ತಿದ್ದೆ. ಜುಲೇಖಾ ಒಂದೇ ಪ್ರಶ್ನೆ ಕೇಳಿದಳು, ಇವರಿಗೆ ಊಟಕ್ಕೆ ಏನು ಕೊಡಬಹುದು ಅಂತ. ಡಾಕ್ಟರು ಏನು ಬೇಕಾದರೂ ಅಂದಾಗ ಅವಳು ಅಳಲು ಶುರು ಮಾಡಿದಳು. ಏನು ಬೇಕಾದರೂ ತಿನ್ನಲಿ ಅನ್ನುವುದನ್ನು ನಮ್ಮ ಕಡೆ ಯಾರಿಗೆ ಹೇಳುತ್ತಾರೆ ಅಂತ ಅವಳಿಗೆ ಗೊತ್ತಿತ್ತು.

ಊರಿಗೆ ಬಂದ ಮೇಲಿನದ್ದು ಇನ್ನೊಂದು ಕಥೆ. ಅಣ್ಣ ನೋಡಲು ಬಂದವನು ಬಾಗಿಲ ಹತ್ತಿರದ ಸ್ಟೂಲಿನಲ್ಲೇ ಕೂತು ಚಹಾ ಬೇಡ ಅಂದ. ತೊಟ್ಟಿಲ ಶಾಸ್ತ್ರಕ್ಕೆ ಅಂತ ಮಗುವಿನ ಅಂಗಿಗೆ ಬಟ್ಟೆ ಕೊಟ್ಟಿದ್ದ ಹೆಂಗಸು ವಾಪಸ್ ಬಂದಳು. ಈಗ ಅರ್ಜೆಂಟಿಲ್ಲ ಸಾಬ್ರೆ, ಬಟ್ಟೆ ಕೊಟ್ಟುಬಿಡಿ ಅಂದಳು. ನಾನಾಗಲೇ ಕತ್ತರಿಸಿ ಇಟ್ಟಿದ್ದೆ. ಪುಟ್ಟ ಪುಟ್ಟ ತೋಳುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅದು ನನ್ನನ್ನು ಕೊಂದಷ್ಟು ಎದೆಗೆ ಚುಚ್ಚಿದ ಸೂಜಿ ಕೊಂದಿರಲಿಲ್ಲ.

ಎರಡು ಗುಳಿಗೆ ಕೊಟ್ಟಿದ್ದರು. ಒಂದು ಹಳದಿ, ಒಂದು ಬಿಳಿ. ಎರಡನ್ನೂ ದಿನಾ ನುಂಗಬೇಕು, ತಿಂಗಳಿಗೊಮ್ಮೆ ಹೋಗಿ ರಕ್ತ ತೋರಿಸಿ ಮತ್ತೆ ತರಬೇಕು. ಹಳದಿ ಗುಳಿಗೆ ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಬಿಳಿ ಗುಳಿಗೆಯ ಬಗ್ಗೆ ಡಾಕ್ಟರು ಎರಡೆರಡು ಸಲ ಹೇಳಿದ್ದರು, ಇದನ್ನು ನೀವಾಗಿ ಯಾವತ್ತೂ ಒಮ್ಮೆಲೇ ನಿಲ್ಲಿಸಬಾರದು, ನಿಲ್ಲಿಸುವುದಾದರೆ ನಾವೇ ಇಳಿಸಿ ಇಳಿಸಿ ನಿಲ್ಲಿಸುತ್ತೇವೆ ಅಂತ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನೂ ನೆನಪಿಟ್ಟುಕೊಂಡಿದ್ದೆ, ಅದೇ ನನ್ನ ಪಾಪ.

ಶಿವಣ್ಣ ಸಿಕ್ಕಿದ್ದು ಎರಡನೇ ತಿಂಗಳು, ಆ ಆಸ್ಪತ್ರೆಯ ಬೆಂಚಿನಲ್ಲಿ. ಕಮ್ಮರಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಲಿಂಗಾಯತರ ಮನುಷ್ಯ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಕಿವಿಯ ಹಿಂದೆ ಹಿಟ್ಟು ಹಾಗೇ ಇತ್ತು. ನನ್ನ ಕುತ್ತಿಗೆ ನೋಡಿದ, ನಾನು ಅವನ ಕುತ್ತಿಗೆ ನೋಡಿದೆ. ನಿಮಗೂ ಅದೇನಾ ಅಂತ ಕೇಳಿದ. ಅದೇ ಅಂದೆ. ಅದರ ಹೆಸರನ್ನು ನಾವಿಬ್ಬರೂ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ರಕ್ತದಲ್ಲಿ ಬಿಳಿ ಜಾಸ್ತಿ ಅನ್ನುತ್ತಿದ್ದೆವು. ಹೊರಗೂ ಬಿಳಿ ಒಳಗೂ ಬಿಳಿ, ಗಿರಣಿಯನ್ನೇ ನುಂಗಿದೀಯಲ್ಲ ಮಾರಾಯ ಅಂತ ನಾನು ಗೇಲಿ ಮಾಡಿದರೆ ಅವನು ನಗುತ್ತಿದ್ದ. ಆ ಬೆಂಚಿನಲ್ಲಿ ನಗುತ್ತಿದ್ದವರು ನಾವಿಬ್ಬರೇ ಇರಬೇಕು.

ಆಮೇಲೆ ಪ್ರತಿ ತಿಂಗಳೂ ಒಟ್ಟಿಗೇ ಹೋಗುವುದು ಅಂತಾಯಿತು. ಅವನು ಕೊಪ್ಪದ ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದ. ರಕ್ತದ ಚೀಟಿ ಬಂದ ಮೇಲೆ ಇಬ್ಬರೂ ಪರೀಕ್ಷೆಯ ಮಾರ್ಕಿನ ಹಾಗೆ ನಿನ್ನದೆಷ್ಟು, ನಂದೆಷ್ಟು ಅಂತ ನೋಡಿಕೊಳ್ಳುತ್ತಿದ್ದೆವು. ಇಲ್ಲಿ ಕಡಿಮೆ ಬಂದವನೇ ಪಾಸು. ಮೊದಲೆರಡು ತಿಂಗಳು ಅವನು ತನ್ನ ಅವಲಕ್ಕಿ ತಾನು ತಿಂದ, ನಾನು ಆಚೆ ತಿರುಗಿ ನನ್ನದು ತಿಂದೆ. ಅದು ಜುಲೇಖಾಗೆ ಗೊತ್ತಾಗಿ, ಒಂದು ಹೊಸ ಸ್ಟೀಲಿನ ಡಬ್ಬಿ ತರಿಸಿ, ಇದರಲ್ಲಿ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ ಬಿಟ್ಟು ಇನ್ನೇನೂ ಹಾಕಿಲ್ಲ, ಹಾಕುವುದೂ ಇಲ್ಲ ಅಂತ ಅವರಿಗೆ ಹೇಳಿ ಅಂದಳು. ಹೇಳಿದೆ. ಶಿವಣ್ಣ ಮುಚ್ಚಳ ತೆಗೆದು ಮೂರು ರೊಟ್ಟಿ ತಿಂದ. ಬಿಳಿ ಗುಳಿಗೆಯಿಂದ ಇಬ್ಬರಿಗೂ ರಾಕ್ಷಸನ ಹಸಿವು ಆಗ.

ಆ ಗುಳಿಗೆಯ ಇನ್ನೊಂದು ಗುಣವೆಂದರೆ ಮುಖ ತುಂಬಿಕೊಳ್ಳುತ್ತಿತ್ತು. ಕೆನ್ನೆ ಪೂರಿಯ ಹಾಗೆ ಉಬ್ಬಿ ಕಣ್ಣು ಸಣ್ಣದಾಗುತ್ತಿತ್ತು. ಕುತ್ತಿಗೆ ಹದಿನೈದೂವರೆಗೆ ಇಳಿಯಿತು, ಮುಖ ಏರಿತು. ಅದು ಮದ್ದಿನ ಊತ, ನಮಗೆ ಗೊತ್ತು. ಊರಿಗೆ ಗೊತ್ತಿಲ್ಲವಲ್ಲ. ಮುಖ ತುಂಬಿದರೆ ಮೈ ನೆಟ್ಟಗಾಯಿತು ಅಂತ ನಮ್ಮ ಕಡೆ ಲೆಕ್ಕ. ಸಾಬ್ರು ಗುಂಡಗಾಗಿದಾರೆ, ಕಾಯಿಲೆ ಹೋಯ್ತು ಅಂದರು. ಅಣ್ಣ ಬಂದು ಒಳಗೆ ಕೂತು ಚಹಾ ಕುಡಿದ. ಶಿವಣ್ಣನ ಹೆಂಡತಿ ಗೌರಮ್ಮ ಗಂಡನ ಕೆನ್ನೆ ನೋಡಿ ನೋಡಿ ದೇವರಿಗೆ ಕೈಮುಗಿಯುತ್ತಿದ್ದರಂತೆ. ಊರವರು ಹೇಳಿ ಹೇಳಿ ಕೊನೆಗೆ ನಾವೂ ಒಂದಿಷ್ಟು ನಂಬಿದೆವು.

ಆ ನಂಬಿಕೆಯಲ್ಲೇ ಹತ್ತನೇ ತಿಂಗಳು ನಾನು ಡಾಕ್ಟರನ್ನು ಕೇಳಿದೆ, ಇನ್ನೆಷ್ಟು ದಿನ ಈ ಗುಳಿಗೆ, ವಾಸಿಯಾಗುವುದು ಯಾವಾಗ ಅಂತ. ಅವರು ಪೆನ್ನು ಕೆಳಗಿಟ್ಟು, ವಾಸಿಯಾಗುವುದಿಲ್ಲ, ಹಿಡಿದಿಡುತ್ತೇವೆ, ಅಷ್ಟೇ ನಮ್ಮ ಕೈಲಾಗುವುದು ಅಂದರು. ಘಾಟಿ ಹತ್ತುವ ಬಸ್ಸಿನಲ್ಲಿ ಕೂತೆವು. ನನಗೆ ಕಿಟಕಿಯಿಂದ ಹಾರಿಬಿಡೋಣ ಅನ್ನಿಸಿತು. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಅನ್ನಿಸಿತು. ಸಾಯುವವರೆಗೂ ತಿಂಗಳು ತಿಂಗಳು ಈ ಬಸ್ಸು, ಈ ಬೆಂಚು, ಈ ಚೀಟಿ. ಕೊಪ್ಪದಲ್ಲಿ ಇಳಿದ ಮೇಲೆ ಶಿವಣ್ಣ, ಆಗಲಿ ಬಿಡು ಇಬ್ರಾಯಿ, ಹಿಡಿದಿಟ್ಟರೆ ಹಿಡಿದಿಡಲಿ ಅಂದ. ಅವನು ಒಪ್ಪಿಕೊಂಡುಬಿಟ್ಟಿದ್ದ. ಒಪ್ಪಿಕೊಳ್ಳದಿದ್ದವನು ನಾನು.

ಕಿಗ್ಗದ ಆಚೆ ಒಬ್ಬ ಅಜ್ಜಿ ಬೇರಿನ ಮದ್ದು ಕೊಡುತ್ತಾರೆ, ಗಂಟು ಕರಗುತ್ತದೆ ಅಂತ ನನ್ನ ಗಿರಾಕಿಯೊಬ್ಬ ಹೇಳಿದ್ದ. ಆ ವಾರವೇ ಶಿವಣ್ಣನನ್ನು ಎಳೆದುಕೊಂಡು ಶೃಂಗೇರಿಗೆ ಹೋಗಿ, ಅಲ್ಲಿಂದ ಕಿಗ್ಗದ ಬಸ್ಸು ಹಿಡಿದೆ. ಅವನಿಗೆ ಮನಸ್ಸಿರಲಿಲ್ಲ. ನೀನು ಕರೆದೆ ಅಂತ ಬಂದೆ ಅಂದ.

ಮದ್ದು ಕೊಡುವ ಮನೆಗೆ ಅದರದೇ ಕ್ರಮ ಇದೆ, ನಮ್ಮ ಕಡೆಯವರಿಗೆಲ್ಲ ಗೊತ್ತು. ಕಾಸು ಕೊಡುವ ಹಾಗಿಲ್ಲ, ಹೊರಡುವಾಗ ಹೋಗಿ ಬರ್ತೇನೆ ಅನ್ನುವ ಹಾಗಿಲ್ಲ, ಅಂದರೆ ಕಾಯಿಲೆಯೂ ಮರಳಿ ಬರುತ್ತದೆ. ಪಥ್ಯ ಅಂದರೆ ಪಥ್ಯ. ಉಪ್ಪು, ಹುಳಿ, ಖಾರ, ಎಣ್ಣೆ ಯಾವುದೂ ಇಲ್ಲದೆ ನಲವತ್ತೆಂಟು ದಿನ ಸಪ್ಪೆ ಗಂಜಿ. ಎಲ್ಲಕ್ಕಿಂತ ದೊಡ್ಡದು, ಬೇರೆ ಮದ್ದು ಹೊಟ್ಟೆಯಲ್ಲಿ ಇರಕೂಡದು. ಮದ್ದಿಗೆ ಮದ್ದು ಸೇರಿದರೆ ಎರಡೂ ಮುರಿಯುತ್ತವೆ ಅನ್ನುತ್ತಾರೆ. ಅಜ್ಜಿ ನಮ್ಮಿಬ್ಬರ ಕುತ್ತಿಗೆಯನ್ನೂ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಇಂಗ್ಲಿಷ್ ಮದ್ದು ಎಂತಾದ್ರೂ ತಗಳ್ತಾ ಇದ್ರಾ? ಇದ್ರೆ ಈಗ್ಲೇ ಹೇಳಿ. ನಾನು ಕೊಡೂದಿಲ್ಲ."

ಶಿವಣ್ಣ ಬಾಯಿ ತೆರೆಯುವ ಮೊದಲೇ ನಾನು, "ಇಲ್ಲಮ್ಮ, ಇಬ್ಬರೂ ತಗೊಳ್ತಾ ಇಲ್ಲ" ಅಂದೆ.

ಅಜ್ಜಿ ಇಬ್ಬರ ಬಲಗೈಯನ್ನೂ ಒಂದರ ಮೇಲೊಂದು ಇಡಿಸಿ ತಮ್ಮ ಕೈಯನ್ನು ಮೇಲಿಟ್ಟು, ನಲವತ್ತೆಂಟು ದಿನ ಈ ಮಾತು ನಡೆಸುತ್ತೇವೆ ಅಂತ ಹೇಳಿಸಿದರು. ಬೇರು ತೇದ ಉಂಡೆಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು. ಬರ್ತೇನೆ ಅನ್ನದೆ, ತಿರುಗಿ ನೋಡದೆ ಇಳಿದು ಬಂದೆವು. ಅಜ್ಜಿಯ ಮೇಲೆ ನನಗೆ ಯಾವ ದೂರೂ ಇಲ್ಲ. ನಿಜ ಹೇಳಿದ್ದರೆ ಕೊಡುವುದಿಲ್ಲ ಅಂತ ಆಕೆ ಮೊದಲೇ ಹೇಳಿದ್ದರು.

ಬಸ್ಸಿನಲ್ಲಿ ಶಿವಣ್ಣ ಉಂಡೆಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವನು ಗಿರಣಿಯಲ್ಲಿ ಒಂದು ಹಿಡಿ ಹಿಟ್ಟು ಹೆಚ್ಚು ಉಳಿದರೆ ಗಿರಾಕಿಯ ಮನೆಯವರೆಗೆ ಹೋಗಿ ಕೊಟ್ಟುಬರುವ ಜಾತಿ. ಶೃಂಗೇರಿ ಹತ್ತಿರ ಬಂದಾಗ ಹೇಳಿದ, "ನೀನು ಹಾಗೆ ಹೇಳಬಾರದಿತ್ತು. ಹೇಳಿಯಾಯ್ತಲ್ಲ, ಇನ್ನು ಅದು ಸುಳ್ಳಾಗಬಾರದು. ಇವತ್ತಿನಿಂದ ಗುಳಿಗೆ ಬಿಡ್ತೀನಿ. ನೀನು?"

"ನಾನೂ" ಅಂದೆ.

ಅನ್ನುವಾಗ ಮನಸ್ಸಿನಲ್ಲಿ ಹಾಗೇ ಇತ್ತು. ಮಾರನೇ ಬೆಳಿಗ್ಗೆ ಉಂಡೆ ತೇದು ಕುಡಿದೆ, ಗುಳಿಗೆ ಮುಟ್ಟಲಿಲ್ಲ. ಎರಡನೇ ದಿನ ಅಂಗಡಿಗೆ ಹೋಗಿ ಟೇಪು ಸುತ್ತಿದೆ. ಅಳತೆ ಅಷ್ಟೇ ಇತ್ತು.  ಆದರೂ ಡಾಕ್ಟರ ಮಾತು ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಜೊತೆ ಗುಳಿಗೆ ಇಟ್ಟಿದ್ದೆ. ಎರಡನ್ನೂ ಬಾಯಿಗೆ ಹಾಕಿ ನೀರು ಕುಡಿದೆ. ಆಮೇಲೆ ದಿನಾ ಹಾಗೇ. ಮನೆಯಲ್ಲಿ ಅಜ್ಜಿಯ ಮದ್ದು, ಅಂಗಡಿಯಲ್ಲಿ ಡಾಕ್ಟರ ಮದ್ದು. ಎರಡು ದೋಣಿಯಲ್ಲೂ ಒಂದೊಂದು ಕಾಲಿಟ್ಟೆ, ಯಾವುದರಿಂದ ಬಚಾವಾದರೂ ಸರಿ ಅಂತ. ಜುಲೇಖಾಗೂ ಹೇಳಲಿಲ್ಲ. ಶಿವಣ್ಣನಿಗೆ ಹೇಳಬೇಕು ಅಂತ ದಿನಾ ಅಂದುಕೊಂಡೆ. ಕಮ್ಮರಡಿ ಎಷ್ಟು ದೂರ? ಒಂದು ಬೆಳಗಿನ ಕೆಲಸ. ಹೋಗಲಿಲ್ಲ. ನಾಚಿಕೆಯಾಯಿತು, ಅಷ್ಟೇ. ಮನುಷ್ಯ ನಾಚಿಕೆಗೆ ಎಂಥ ಹೇಸಿಗೆ ಕೆಲಸ ಬೇಕಾದರೂ ಮಾಡುತ್ತಾನೆ.

ಹನ್ನೆರಡನೇ ದಿನ ಅಂಚೆಯಲ್ಲಿ ಅವನ ಕಾರ್ಡು ಬಂತು. ಗಿರಣಿಯ ರಸೀದಿ ಬರೆಯುವ ಅದೇ ದುಂಡು ಅಕ್ಷರ. ತುಂಬ ಸುಸ್ತು, ಏನು ತಿಂದರೂ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ನಿನಗೂ ಹೀಗೇ ಆಗುತ್ತಿದೆಯೇ? ಮದ್ದು ಹಿಡಿಯುವಾಗ ಹೀಗಾಗುತ್ತದೆಯೋ ಏನೋ. ನಿನಗೂ ಹೀಗೇ ಅಂತಾದರೆ ನನಗೆ ಹೆದರಿಕೆಯಿಲ್ಲ, ತಿಳಿಸು. ಇಷ್ಟು ಬರೆದಿದ್ದ.

ಆ ಕಾರ್ಡು ಇವತ್ತಿಗೂ ನನ್ನ ಹತ್ತಿರ ಇದೆ. ಬಿಳಿ ಗುಳಿಗೆ ಒಮ್ಮೆಲೇ ಬಿಟ್ಟದ್ದರಿಂದಲೇ ಇದು ಅಂತ ಓದಿದ ಕೂಡಲೇ ನನಗೆ ಹೊಳೆಯಿತು. ಖಂಡಿತ ಹೊಳೆಯಿತು, ಇಲ್ಲ ಅಂತ ಈಗ ಬರೆದರೆ ಅದು ಇನ್ನೊಂದು ಸುಳ್ಳು. ಗುಳಿಗೆ ಶುರು ಮಾಡು ಅಂತ ಬರೆದರೆ, ನೀನು ಅಂತ ಕೇಳುತ್ತಾನೆ. ನಾನು ಬಿಟ್ಟೇ ಇರಲಿಲ್ಲ ಅನ್ನಬೇಕಾಗುತ್ತದೆ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಉತ್ತರ ಬರೆದೆ. ನನಗೂ ಸುಸ್ತೇ ಮಾರಾಯ. ಮದ್ದು ಹಿಡಿಯುತ್ತಿದೆ ಅಂತ ಅರ್ಥ. ಸ್ವಲ್ಪ ತಾಳಿಕೋ.

ಅಂಚೆ ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ಹಾಕಿ ವಾಪಸ್ ತೆಗೆಯಲು ನೋಡಿದೆ. ಸಿಗಲಿಲ್ಲ. ಅಂಚೆಯವನನ್ನು ಕೇಳಬಹುದಿತ್ತು, ನನ್ನ ಪರಿಚಯದವನೇ. ಕೇಳಲಿಲ್ಲ.

ಐದು ದಿನ ತಡೆದೆ. ಆರನೇ ದಿನ ಅಂಗಡಿಗೆ ಬಾಗಿಲು ಹಾಕಿ, ನನ್ನ ಗುಳಿಗೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಕಮ್ಮರಡಿಗೆ ಹೋದೆ. ಗಿರಣಿ ಮುಚ್ಚಿತ್ತು. ಒಳಗಿನ ಕೋಣೆಯಲ್ಲಿ ಶಿವಣ್ಣ ಚಾಪೆಯ ಮೇಲೆ ಮಲಗಿದ್ದ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಪೂರಿಯ ಹಾಗಿದ್ದ ಕೆನ್ನೆ ಒಳಗೆ ಹೋಗಿತ್ತು, ಮೂಗು ಎದ್ದು ಕಾಣುತ್ತಿತ್ತು. ಮೈ ಕೆಂಡ. ಗೌರಮ್ಮ ಚೊಂಬಿನಲ್ಲಿ ಗಂಜಿ ಹಿಡಿದು ಬಗ್ಗಿ ಕೂತಿದ್ದರು. ನಿಮ್ಮ ಕಾರ್ಡು ಬಂದ ಮೇಲೆ ಧೈರ್ಯ ಆಯ್ತು ಅಣ್ಣ, ದಿನಾ ಓದಿಸಿಕೊಳ್ತಾರೆ ಅಂದರು.

ಶಿವಣ್ಣ ಕಣ್ಣು ಬಿಟ್ಟು ನನ್ನನ್ನು ನೋಡಿದ. ಹತ್ತಿರ ಬಾ ಅಂತ ಕೈ ಮಾಡಿದ. ಬಗ್ಗಿದೆ. ನನ್ನ ಕೆನ್ನೆ ಮುಟ್ಟಿ ಹೇಳಿದ, "ನಿನ್ನ ಮುಖ ಇನ್ನೂ ತುಂಬಿಕೊಂಡೇ ಇದೆಯಲ್ಲ ಇಬ್ರಾಯಿ."

ಅವನಿಗೆ ಎಲ್ಲ ಗೊತ್ತಾಗಿಹೋಯಿತು. ಎಂಟೊಂಬತ್ತು ತಿಂಗಳು ಎದುರುಬದುರು ಕೂತು ಆ ಊತವನ್ನು ನೋಡಿಕೊಂಡವರು ನಾವು, ಅದು ಯಾವುದರದು ಅಂತ ಅವನಿಗೆ ಬೇರೆ ಹೇಳಬೇಕೇ? ಗೌರಮ್ಮನಿಗೆ ಮಾತ್ರ ಅದು ತಿಳಿಯಲಿಲ್ಲ. ನೋಡಿ, ಅವರಿಗೆ ಅಜ್ಜಿಯ ಮದ್ದು ಹಿಡೀತು, ನಿಮಗ್ಯಾಕೆ ಹಿಡೀಲಿಲ್ಲ ಅಂತ ಗಂಡನನ್ನು ಕೇಳಿದರು. ಆಗ ಅವನು ಬಾಯಿಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ನನ್ನ ಮಾನ ಕಾಪಾಡಿದನೋ, ಶಕ್ತಿಯಿರಲಿಲ್ಲವೋ, ನಾನು ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತೇನೆ.

ಗೌರಮ್ಮ ಗಂಜಿ ಬಿಸಿ ಮಾಡಲು ಎದ್ದುಹೋದಾಗ ಜೇಬಿನಿಂದ ಪೊಟ್ಟಣ ತೆಗೆದೆ. ಒಂದು ಬಿಳಿ ಗುಳಿಗೆ ಬಾಯಿಗೆ ಹಾಕಿಕೋ, ನಿನ್ನ ಕಾಲು ಹಿಡಿಯುತ್ತೇನೆ ಅಂದೆ. ನಿಜವಾಗಿಯೂ ಹಿಡಿದೆ. ಅವನು ತುಟಿ ಬಿಗಿದುಕೊಂಡು ಮುಖ ಗೋಡೆಯ ಕಡೆ ತಿರುಗಿಸಿದ. "ಬೇಡ. ಕೈ ಮೇಲೆ ಕೈಯಿಟ್ಟಿದೀನಿ" ಅಂದ. ನನ್ನ ಕೈಯೂ ಅಲ್ಲೇ ಇತ್ತಲ್ಲ, ಅದನ್ನು ಅವನು ಹೇಳಲಿಲ್ಲ.

ಮಾರನೇ ದಿನ ಜೀಪು ಮಾಡಿ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೊರಟರು. ನಾನು ಹಿಂದಿನ ಸೀಟಿನಲ್ಲಿ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವನ ಉಸಿರು ಆಗುಂಬೆ ದಾಟಲಿಲ್ಲ.

ಐದನೇ ದಿನ ಮಾತಾಡಿಸಿ ಬರಲು ಹೋದಾಗ ಗೌರಮ್ಮ ಒಳಗಿನಿಂದ ಒಂದು ಪೊಟ್ಟಣ ತಂದು ಕೊಟ್ಟರು. ಶಿವಣ್ಣನ ಆ ತಿಂಗಳ ಗುಳಿಗೆ, ಹಳದಿ ಬಿಳಿ ಎರಡೂ. ಐದೋ ಆರೋ ಖರ್ಚಾಗಿದ್ದವು ಅಷ್ಟೇ. ಅವರಂತೂ ಬಿಟ್ಟಿದ್ದರು, ಮುಂದೆ ಯಾವತ್ತಾದರೂ ನಿಮಗೆ ಬೇಕಾದರೆ ಇರಲಿ, ಎಸೆಯಲು ಮನಸ್ಸು ಬರಲಿಲ್ಲ ಅಂದರು. ನನ್ನವು ಮುಗಿಯುತ್ತಾ ಬಂದಿದ್ದವು. ಆಸ್ಪತ್ರೆಗೆ ಒಬ್ಬನೇ ಹೋಗುವ ಎದೆ ಇರಲಿಲ್ಲ. ಕೈ ಚಾಚಿ ತಗೊಂಡೆ. ನುಂಗಿದೆ ಕೂಡ, ಒಂದೊಂದಾಗಿ, ಅಷ್ಟನ್ನೂ. ಶಿವಣ್ಣ ಬದುಕಬೇಕಾಗಿದ್ದ ತಿಂಗಳನ್ನು ನಾನು ಬದುಕಿದೆ.

ಅವತ್ತು ಪೊಟ್ಟಣ ಕೊಟ್ಟು ಬಾಗಿಲವರೆಗೆ ಬಂದ ಗೌರಮ್ಮ ಇನ್ನೊಂದು ಮಾತು ಹೇಳಿದರು. ಯಾರ ಹತ್ತಿರವೂ ಹೇಳಿಲ್ಲ, ನೀವು ಅವರ ಜೊತೆಯವರು ಅಂತ ಹೇಳುತ್ತೇನೆ ಅಂದರು. ಒಂದು ದಿನ ಶಿವಣ್ಣ ಸಪ್ಪೆ ಗಂಜಿ ನೋಡಿ ಮಗುವಿನ ಹಾಗೆ ಮುಖ ಮಾಡಿದನಂತೆ. ಪಾಪ ಅನ್ನಿಸಿ, ಇವರು ಅವನಿಗೆ ಗೊತ್ತಾಗದ ಹಾಗೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಒಂದು ಚಮಚ ಕಲಸಿಬಿಟ್ಟರಂತೆ. ಮಾರನೇ ದಿನದಿಂದಲೇ ವಾಂತಿ. "ಪಥ್ಯ ಮುರಿದದ್ದು ನಾನೇ ಅಣ್ಣ. ನಾನೇ ಕೊಂದೆ" ಅಂದರು.

ನೀವಲ್ಲ ಅಂತ ನಾನು ಹೇಳಬೇಕಿತ್ತು.  ಪೊಟ್ಟಣ ಹಿಡಿದುಕೊಂಡು ಬಸ್ಸು ಹತ್ತಿದೆ.

ಏಳು ವರ್ಷ. ತಿಂಗಳಿಗೊಮ್ಮೆ ಒಬ್ಬನೇ ಘಾಟಿ ಇಳಿದು ಹತ್ತಿದೆ. ಮೊದಲ ಸಲ ಹೋದಾಗ ಡಾಕ್ಟರು ನಿಮ್ಮ ಜೊತೆಯವರೆಲ್ಲಿ ಅಂದರು. ತೀರಿಕೊಂಡರು ಅಂದೆ. ಅವನ ಆಸ್ಪತ್ರೆಯ ಕಾರ್ಡನ್ನು ಕಟ್ಟಿನಿಂದ ತೆಗೆದು ಬೇರೆ ಇಟ್ಟರು. ಹಳದಿ ಗುಳಿಗೆ ನಡುವೆ ಬದಲಾಯಿತು, ಬಿಳಿಯದನ್ನು ಇಳಿಸಿ ಇಳಿಸಿ ನಿಲ್ಲಿಸಿ, ಮತ್ತೆ ಶುರು ಮಾಡಿದರು. ಎರಡು ಸಲ ಜ್ವರದಿಂದ ವಾರ್ಡಿನಲ್ಲಿ ಮಲಗಿದೆ. ಆಯಾ ಒಬ್ಬಳು ಕೇಳದೆಯೇ ಬಿಸಿನೀರು ತಂದುಕೊಟ್ಟು, ಬೆನ್ನಿಗೆ ಕೈಯಿಟ್ಟು ಎಬ್ಬಿಸಿ ಕೂರಿಸುತ್ತಿದ್ದಳು. ಆ ದಯೆಯೂ ನನಗೆ ಹಿಂಸೆ, ಯಾಕೆಂದರೆ ನಾನು ಎಂಥವನು ಅಂತ ಅವಳಿಗೆ ಗೊತ್ತಿಲ್ಲ. ಜುಲೇಖಾ ಆ ಸ್ಟೀಲಿನ ಡಬ್ಬಿಯನ್ನು ತೊಳೆದು ಮೇಲಿಟ್ಟಳು, ಅವಳ ಮಾತಿನಂತೆ ಅದರಲ್ಲಿ ಬೇರೆ ಏನನ್ನೂ ಹಾಕಲಿಲ್ಲ. ಕೊನೆಗೆ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರ ಹೆಂಡತಿಗೆ ಹೇಳಿದಿರಾ ಅಂತ ಕೇಳಿದಳು. ಇಲ್ಲ ಅಂದೆ. ಹಾಗಾದರೆ ನನಗೆ ಹೇಳಿ ಏನು ಬಂತು ಅಂದು ಎದ್ದುಹೋದಳು.

ಹೋದ ಬೇಸಿಗೆಯಲ್ಲಿ ಕಮ್ಮರಡಿಗೆ ಹೋದೆ. ಗಿರಣಿಯನ್ನು ಗೌರಮ್ಮನೇ ನಡೆಸುತ್ತಿದ್ದಾರೆ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಹಿಟ್ಟು. ನನ್ನನ್ನು ನೋಡಿ ಬೆಲ್ಟು ಜಾರಿಸಿ ಮಿಷನ್ನು ನಿಲ್ಲಿಸಿದರು. ಊಟಕ್ಕೆ ಏಳಿ ಅಂತ ಬಲವಂತ ಮಾಡಿದರು. ಬಾಳೆಲೆ ಹಾಕಿ ಬಡಿಸಿ, ಉಪ್ಪಿನಕಾಯಿ ಮಾತ್ರ ನಮ್ಮ ಮನೆಯಲ್ಲಿ ಇಲ್ಲ ಅಣ್ಣ, ಅವತ್ತಿನಿಂದ ಹಾಕಿಲ್ಲ ಅಂದರು. ಮಾವಿನಮಿಡಿ ಎಲ್ಲರ ಮನೆಯ ಭರಣಿಗೂ ತುಂಬುವ ಕಾಲ ಅದು.

ನಾನು ಅನ್ನಕ್ಕೆ ಕೈ ಹಾಕಲಿಲ್ಲ. ಎಲೆಯ ಮುಂದೆ ಕೂತೇ ಹೇಳಿದೆ. ಅಜ್ಜಿಯ ಮನೆಯಲ್ಲಿ ಹೇಳಿದ ಸುಳ್ಳು, ಬಸ್ಸಿನಲ್ಲಿ ಹೇಳಿದ ಸುಳ್ಳು, ಮಿಷನ್ನಿನ ಡ್ರಾಯರು, ಕಾರ್ಡು, ಎಲ್ಲ. ಅವನ ಗುಳಿಗೆ ನಾನು ನುಂಗಿದ್ದನ್ನೂ ಹೇಳಿದೆ. ಎಲ್ಲೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲು ಆಗುವುದಿಲ್ಲ ಅಂತ ಗೊತ್ತಿತ್ತು.

ಗೌರಮ್ಮ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಬೈಯುತ್ತಾರೆ, ಎಲೆಯಿಂದ ಎಬ್ಬಿಸುತ್ತಾರೆ ಅಂತ ಕಾದೆ. ಅವರು ಕೇಳಿದರು, "ಹಾಗಾದ್ರೆ ಉಪ್ಪಿನಕಾಯಿಯಿಂದ ಅಲ್ವಾ?"

"ಅಲ್ಲ."

"ಒಂದು ಚಮಚ ಹಾಕಿದ್ದೆ."

"ಅದರಿಂದ ಅಲ್ಲಮ್ಮ."

ಅವರು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತರು. ಸೌಟನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಸಾವಾದ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅದು ಗಂಡನಿಗಾಗಿಯೋ, ಏಳು ವರ್ಷಕ್ಕಾಗಿಯೋ ನಾನು ಹೇಗೆ ಹೇಳಲಿ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು, ಹಿಟ್ಟು ಒದ್ದೆಯಾಗಿ ಕೆನ್ನೆಯ ಮೇಲೆ ಅಂಟಿಕೊಂಡಿತು. "ಊಟ ಮಾಡಿ" ಅಂದರು. "ಮಾಡಿ ಹೋಗಿ. ಇನ್ನು ಇಲ್ಲಿಗೆ ಬರಬೇಡಿ."

ಊಟ ಮಾಡಿದೆ. ಎಲೆ ಖಾಲಿ ಮಾಡಿದೆ. ಎಲೆ ಎತ್ತಿ, ಕೈತೊಳೆದು, ಚಪ್ಪಲಿ ಹಾಕಿಕೊಂಡೆ. ಬಾಗಿಲಲ್ಲಿ ಅಭ್ಯಾಸಬಲದಿಂದ ಬರ್ತೇನೆ ಅನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ.

ಇದನ್ನು ಓದುವವರಲ್ಲಿ ನಮ್ಮಂಥ ಕಾಯಿಲೆಯವರು ಯಾರಾದರೂ ಇದ್ದರೆ, ಗುಳಿಗೆ ನುಂಗುವುದಾದರೆ ನುಂಗುತ್ತೇನೆ ಅನ್ನಿ, ಬಿಡುವುದಾದರೆ ಬಿಟ್ಟೆ ಅನ್ನಿ. ಪಕ್ಕದಲ್ಲಿ ಕೂತವನ ಹತ್ತಿರವಾದರೂ ಅನ್ನಿ. ನನಗೆ ಹೇಳಲು ಇರುವುದು ಇಷ್ಟೇ. ನನ್ನ ಕುತ್ತಿಗೆ ಈಗ ಮತ್ತೆ ಹದಿನಾರಕ್ಕೆ ಬಂದಿದೆ. ಮೊನ್ನೆ ಕಾಲರಿನ ಗುಂಡಿ ಬಿಚ್ಚಿ ಆಚೆ ಇಟ್ಟು ಹೊಲಿದೆ. ಹೊಲಿಯುತ್ತಿರುವಾಗ ಬಸ್ಸಿನವನು ಒಂದು ಗೋಣಿಚೀಲ ತಂದು ಮೇಜಿನ ಮೇಲಿಟ್ಟ. ಕಮ್ಮರಡಿಯಿಂದ ಯಾರೋ ಹೆಂಗಸು ಕೊಟ್ಟರು, ಟೈಲರಿಗೆ ಕೊಡು ಅಂದರು, ಬೇರೆ ಏನೂ ಹೇಳಲಿಲ್ಲ ಅಂದ. ಬಿಚ್ಚಿದೆ. ಒಳಗೆ ಒಂದು ಸಣ್ಣ ಭರಣಿ, ಬಾಯಿಗೆ ಬಟ್ಟೆ ಕಟ್ಟಿತ್ತು. ಈ ವರ್ಷದ ಅಪ್ಪೆಮಿಡಿ.

ಅದನ್ನು ಇನ್ನೂ ತೆರೆದಿಲ್ಲ.